ಬುದ್ಧಿವಂತ ಶಿಷ್ಯ, ಒಂಟಿ ಗುರು

ವಿರಾಮದ ಗಂಟೆ ಬಾರಿಸಿದ ಮೇಲೆ ಅಧ್ಯಾಪಕರ ಕೋಣೆಯಲ್ಲಿ ನಡೆಯುವ ಮಾತುಕತೆ ಎಲ್ಲ ಶಾಲೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. "ಈ ವರ್ಷದ ಒಂಬತ್ತನೆಯವರು ಕೈಗೇ ಸಿಗುತ್ತಿಲ್ಲ" ಎಂದು ಒಬ್ಬರು ಚಹಾ ಹೀರುತ್ತ ನಿಟ್ಟುಸಿರಿಡುತ್ತಾರೆ. "ನಿಮ್ಮವರೇ ವಾಸಿ, ನನ್ನವರಿಗೆ ಹನ್ನೆರಡರ ಮಗ್ಗಿಯೂ ಬಾರದು" ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ. ಮೂರನೆಯವರು ತಮಗೆ ತಿಳಿದ ಉಪಾಯವೊಂದನ್ನು ಹೇಳುತ್ತಾರೆ. ಹೀಗೆ ಕಷ್ಟವನ್ನು ಹಂಚಿಕೊಂಡು, ಸ್ವಲ್ಪ ನಕ್ಕು, ಮುಂದಿನ ತಾಸಿಗೆ ಎಲ್ಲರೂ ಹಗುರಾಗಿ ಎದ್ದು ಹೋಗುತ್ತಾರೆ. ಆದರೆ ಮೂಲೆಯಲ್ಲಿ ಕುಳಿತ ಒಬ್ಬರು, "ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನಿಗೆ ಏನು ಕಲಿಸಬೇಕೆಂದೇ ತಿಳಿಯುತ್ತಿಲ್ಲ, ನಾನು ಹೇಳುವುದೆಲ್ಲ ಅವನಿಗೆ ಮೊದಲೇ ಗೊತ್ತು" ಎಂದರೆ? ಕೋಣೆಯಲ್ಲಿ ಒಂದು ಗಳಿಗೆ ಮೌನ. ಆಮೇಲೆ ಯಾರೋ ನಗುತ್ತ ಹೇಳುತ್ತಾರೆ: "ನೀವು ಪುಣ್ಯವಂತರು ಸಾರ್! ಅಂಥವನನ್ನು ನಮ್ಮ ತರಗತಿಗೆ ಕಳಿಸಿಕೊಡಿ." ಅಲ್ಲಿಗೆ ಆ ಮಾತು ಮುಗಿಯಿತು.

ನಾವು ಈ ಮುಂಬಯಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಕಲಿಸಿದವರು; ಹಗಲು ಉಪನಗರದ ಒಂದು ಶಾಲೆಯಲ್ಲಿ, ಕೆಲವು ವರ್ಷ ಸಂಜೆ ಕೋಟೆ ವಿಭಾಗದ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ. ಮೇಲಿನ ಆ ಮೌನವನ್ನು ಅನುಭವಿಸಿ ಬಲ್ಲೆವು. ದಡ್ಡನೆನಿಸಿಕೊಂಡ ಹುಡುಗನ ಗುರುವಿಗೆ ಲೋಕದ ಸಹಾನುಭೂತಿಯುಂಟು. ಚುರುಕು ಹುಡುಗನ ಗುರುವಿಗೆ ಲೋಕದ ಅಭಿನಂದನೆಯುಂಟು. ಆದರೆ ಅಭಿನಂದನೆಯಿಂದ ಯಾರ ಒಂಟಿತನವೂ ನೀಗುವುದಿಲ್ಲ. ಹಾಗಾದರೆ ಇಂಥ ಗುರು ಒಂಟಿಯಾಗಿರುವುದು ಅನಿವಾರ್ಯವೆ? ಆ ಒಂಟಿತನ ಅವನ ದುರದೃಷ್ಟವೊ, ಅಥವಾ ಅವನದೇ ಒಂದು ದೋಷವೊ? ಮೇಲ್ನೋಟಕ್ಕೆ ಇದು ಒಂದು ವೃತ್ತಿಯವರ ಸಣ್ಣ ಗೊಣಗಾಟದಂತೆ ಕಂಡೀತು. ವಿಚಾರಮಾಡಿದಷ್ಟೂ ಇದು ನೀತಿಯ ಪ್ರಶ್ನೆಯೇ ಎಂದು ನಮಗೆ ಮನವರಿಕೆಯಾಗಿದೆ. ಅದಕ್ಕೆ ಕಾರಣವಾದ ನಮ್ಮ ತಪ್ಪೊಂದನ್ನು ಮೊದಲು ಒಪ್ಪಿಸಿಬಿಡುತ್ತೇವೆ.

ಅದು ೧೯೭೮ರ ಮಾತು. ರಾತ್ರಿ ಶಾಲೆಯ ಎಂಟನೆಯ ತರಗತಿಯಲ್ಲಿ ಉಡುಪಿಯ ಕಡೆಯ ಒಬ್ಬ ಹುಡುಗನಿದ್ದ. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಲೋಟ ತೊಳೆದು, ಏಳು ಗಂಟೆಗೆ ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಇತಿಹಾಸವೇ ಇಂಥ ಹುಡುಗರ ಇತಿಹಾಸ. ಒಂದು ದಿನ ಅವನು ಹೋಟೆಲಿನ ಬಿಲ್ಲಿನ ಚೀಟಿಗಳ ಹಿಂಬದಿಯಲ್ಲಿ ಬರೆದ ಲೆಕ್ಕವೊಂದನ್ನು ತಂದು ತೋರಿಸಿದ. ಒಂದನ್ನು ಏಳರಿಂದ ಭಾಗಿಸಿದರೆ ದಶಾಂಶದಲ್ಲಿ ೧೪೨೮೫೭ ಎಂಬ ಆರು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಎರಡನ್ನು ಏಳರಿಂದ ಭಾಗಿಸಿದರೆ ೨೮೫೭೧೪. ಮೂರನ್ನು ಭಾಗಿಸಿದರೆ ೪೨೮೫೭೧. ಅದೇ ಮಾಲೆ, ಪೋಣಿಸಲು ತೊಡಗುವ ಮಣಿ ಮಾತ್ರ ಬೇರೆ. ಇಷ್ಟನ್ನು ಯಾವ ಪುಸ್ತಕವನ್ನೂ ನೋಡದೆ ಅವನೇ ಕಂಡುಕೊಂಡಿದ್ದ. ಆದರೆ ಅವನ ಪ್ರಶ್ನೆ ಅದಲ್ಲ.

"ಸರ್, ಏಳಕ್ಕೆ ಒಂದೇ ಮಾಲೆ. ಹದಿಮೂರಕ್ಕೆ ಯಾಕೆ ಎರಡು ಮಾಲೆ?"

ನೋಡಿದೆವು. ನಿಜ. ಒಂದನ್ನು ಹದಿಮೂರರಿಂದ ಭಾಗಿಸಿದರೆ ೦೭೬೯೨೩. ಎರಡನ್ನು ಭಾಗಿಸಿದರೆ ೧೫೩೮೪೬. ಇವೆರಡೂ ಬೇರೆ ಬೇರೆ. ಉಳಿದ ಹತ್ತು ಭಿನ್ನರಾಶಿಗಳು ಈ ಎರಡು ಮಾಲೆಗಳಲ್ಲೇ ಹಂಚಿಹೋಗುತ್ತವೆ. ಏಕೆ ಎಂಬುದು ನಮಗೆ ತಿಳಿಯದು. ಆಗ ತಿಳಿಯದು ಎಂದಿದ್ದರೆ ಮುಗಿಯುತ್ತಿತ್ತು. ನಾವು ಹೇಳಿದ್ದು ಬೇರೆ: "ಇದೆಲ್ಲ ಪರೀಕ್ಷೆಗೆ ಬರುವುದಿಲ್ಲ ಮಾರಾಯ. ಮೊದಲು ಬಡ್ಡಿ ಲೆಕ್ಕ ಮುಗಿಸು." ಹುಡುಗ ಚೀಟಿಗಳನ್ನು ಮಡಚಿ ಕಿಸೆಗೆ ಹಾಕಿಕೊಂಡ. ಮುಂದೆ ಬಡ್ಡಿ ಲೆಕ್ಕವನ್ನೂ ಮುಗಿಸಿದ. ಪ್ರಶ್ನೆ ಕೇಳುವುದನ್ನೂ ನಿಲ್ಲಿಸಿದ. ಮರುವರ್ಷ ಶಾಲೆಗೆ ಬರಲಿಲ್ಲ. ಹೋಟೆಲು ಬದಲಾಯಿಸಿದನೆಂದು ಯಾರೋ ಹೇಳಿದರು. ಎಲ್ಲಿಗೆಂದು ನಾವು ವಿಚಾರಿಸಲಿಲ್ಲ.

ಆ ರಾತ್ರಿಯ ಮಾತನ್ನು ಬಹಳ ದಿನ ನಾವು ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಲು ಯಾರಿದ್ದರು? ರಾತ್ರಿ ಶಾಲೆಯ ಸಹೋದ್ಯೋಗಿಗಳು ಹಗಲು ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿದು ದಣಿದು ಬಂದವರು. ಒಂಬತ್ತೂವರೆಯ ಲೋಕಲ್ ಹಿಡಿಯುವ ಆತುರದವರು. ಹಗಲಿನ ಶಾಲೆಯಲ್ಲಿ ಗಣಿತದವರು ನಾವಿಬ್ಬರೇ; ಇನ್ನೊಬ್ಬರಿಗೆ ನಿವೃತ್ತಿ ಸಮೀಪಿಸಿತ್ತು. ಹೀಗೆ ನಮ್ಮ ಒಂಟಿತನಕ್ಕೆ ಬೇಕಾದಷ್ಟು ಕಾರಣಗಳನ್ನು ನಾವು ಸಂಗ್ರಹಿಸಿಕೊಂಡಿದ್ದೆವು. ಅವೆಲ್ಲ ನಿಜವೇ ಆಗಿದ್ದರೂ ನಿಜವಾದ ಕಾರಣ ಅವಲ್ಲವೆಂದು ತಿಳಿಯಲು ಕೆಲವು ವರ್ಷ ಬೇಕಾಯಿತು.

ಈ ಒಂಟಿತನವನ್ನು ಕಟ್ಟಿ ನಿಲ್ಲಿಸುವ ಗೋಡೆಗಳು ಮೂರು ಎಂದು ನಮಗೆ ತೋರುತ್ತದೆ. ಮೊದಲನೆಯದು ಲೋಕದ ತಿಳಿವಳಿಕೆ. "ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂದು ಗಾದೆಯೇ ಇದೆಯಲ್ಲ. ಬುದ್ಧಿಯಿರುವವನು ಹೇಗೂ ಮೇಲೆ ಬರುತ್ತಾನೆ, ಅವನಿಗೆ ಗುರು ಏಕೆ ಎಂಬುದು ಸಾಮಾನ್ಯರ ನಂಬಿಕೆ. ಮೊಳಕೆಯಲ್ಲಿ ಸಿರಿ ಕಂಡಿತೆಂದು ಯಾವ ರೈತನೂ ನೀರು ಹಾಯಿಸುವುದನ್ನು ಬಿಡುವುದಿಲ್ಲ ಎಂಬುದನ್ನು ಈ ನಂಬಿಕೆ ಮರೆಯುತ್ತದೆ.

ಎರಡನೆಯದು ಪಕ್ಷಪಾತದ ಶಂಕೆ. ಅರುವತ್ತು ಮಕ್ಕಳ ತರಗತಿಯಲ್ಲಿ ಒಬ್ಬನಿಗೆ ವಿಶೇಷ ಗಮನ ಕೊಡುವುದು ಉಳಿದ ಐವತ್ತೊಂಬತ್ತು ಮಂದಿಗೆ ಅನ್ಯಾಯವಲ್ಲವೆ? ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಅಂಕಗಳ ಮೋಹದಿಂದ ನಾಲ್ಕು ಜಾಣರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಉಳಿದವರನ್ನು ಮರೆತ ಗುರುಗಳನ್ನು ನಾವು ಕಂಡಿದ್ದೇವೆ. ಆದರೆ ನ್ಯಾಯವೆಂದರೆ ಎಲ್ಲರಿಗೂ ಒಂದೇ ಪಾಠವನ್ನು ಅಳೆದು ಹಂಚುವುದಲ್ಲ. ಪ್ರತಿಯೊಂದು ಮಗುವಿಗೂ ಅದು ನಿಂತಿರುವ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಮೇಲೇರುವ ಹಕ್ಕಿದೆ. ಹಿಂದುಳಿದ ಹುಡುಗನಿಗೆ ಆ ಹಕ್ಕನ್ನು ನಿರಾಕರಿಸಿದರೆ ಅದು ಕ್ರೌರ್ಯವೆಂದು ನಮಗೆ ಕೂಡಲೇ ಕಾಣುತ್ತದೆ. ಮುಂದಿರುವವನಿಗೆ ನಿರಾಕರಿಸಿದರೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತನ್ನೂ ಮರೆಯಬಾರದು. ಉಳ್ಳವರ ಮನೆಯ ಜಾಣ ಮಗುವಿಗೆ ಶಾಲೆ ಕೊಡದಿದ್ದುದನ್ನು ಮನೆಪಾಠ ಕೊಡುತ್ತದೆ, ಪುಸ್ತಕದ ಕಪಾಟು ಕೊಡುತ್ತದೆ. ಲೋಟ ತೊಳೆಯುವ ಹುಡುಗನಿಗೆ ಗುರುವಲ್ಲದೆ ಬೇರೆ ಕಪಾಟಿಲ್ಲ. ಆದ್ದರಿಂದ "ಬುದ್ಧಿಯಿರುವವನು ತಾನೇ ಕಲಿಯುತ್ತಾನೆ" ಎಂಬ ಉದಾಸೀನದ ಪೆಟ್ಟು ಬೀಳುವುದು ಬಡವನ ಮೇಲೆಯೇ.

ಮೂರನೆಯ ಗೋಡೆ ಗುರುವಿನ ಎದೆಯೊಳಗಿನದು. ಅದೇ ಎಲ್ಲಕ್ಕಿಂತ ಎತ್ತರದ್ದು. ತನಗೆ ತಿಳಿಯದೆಂಬುದು ಬಯಲಾದೀತೆಂಬ ಅಂಜಿಕೆ ಅದರ ಒಂದು ಮುಖ. ಶಿಷ್ಯ ತನ್ನವನೇ ಆಗಿರಬೇಕೆಂಬ ಆಸೆ ಅದರ ಇನ್ನೊಂದು ಮುಖ. ಇಲ್ಲಿ ಮಹಾಭಾರತದ ದ್ರೋಣರು ನೆನಪಾಗುತ್ತಾರೆ. ಏಕಲವ್ಯನ ಹೆಬ್ಬೆರಳಿನ ಕಥೆಯನ್ನು ನಾವು ಕುಲದ ಅನ್ಯಾಯದ ಕಥೆಯೆಂದು ಓದುತ್ತೇವೆ; ಹಾಗೆ ಓದುವುದು ಸರಿಯೇ. ಜೊತೆಗೆ ಅದು ಒಬ್ಬ ಗುರುವಿನ ಕಥೆಯೂ ಹೌದು. ದ್ರುಪದನಿಂದ ಅವಮಾನಿತರಾಗಿ ಬಂದ ಈ ಆಚಾರ್ಯರ ಅನ್ನ ಅರಮನೆಯದು. ಎದೆಯಲ್ಲಿ ಹಳೆಯ ಸೇಡು. ಬಿಲ್ವಿದ್ಯೆಯಲ್ಲಿ ನಿನಗೆ ಸಮಾನರಾರೂ ಇಲ್ಲದಂತೆ ಮಾಡುತ್ತೇನೆಂದು ಅರ್ಜುನನಿಗೆ ಕೊಟ್ಟ ಮಾತು ಬೇರೆ. ಕಾಡಿನಲ್ಲಿ ಆ ಅಸಾಧಾರಣ ಹುಡುಗನನ್ನು ಕಂಡಾಗ ಅವರಿಗೆ ಒಬ್ಬ ಗೆಳೆಯನಾದರೂ ಬೇಕಾಗಿತ್ತು, "ಆಚಾರ್ಯರೆ, ತಾವು ಮಾಡಹೊರಟಿರುವುದು ಏನು?" ಎಂದು ಕೇಳುವವನು. ಭಾವಮೈದುನರಾದ ಕೃಪಾಚಾರ್ಯರು ಅದೇ ಹಸ್ತಿನಾವತಿಯಲ್ಲಿದ್ದರು, ಅವರೂ ಬಿಲ್ವಿದ್ಯೆಯ ಗುರುಗಳೇ. ಹೆಬ್ಬೆರಳಿನ ವಿಷಯದಲ್ಲಿ ದ್ರೋಣರು ಅವರನ್ನು ಕೇಳಿದರೆಂದು ಕಥೆ ಹೇಳುವುದಿಲ್ಲ. ಒಂಟಿ ಗುರು ತನ್ನ ತೀರ್ಮಾನಕ್ಕೆ ತಾನೇ ಸಾಕ್ಷಿ, ತಾನೇ ನ್ಯಾಯಾಧೀಶ. ಅಂಥವನ ಕೈಯಲ್ಲಿ ಶಿಷ್ಯನ ಹೆಬ್ಬೆರಳು ಸುರಕ್ಷಿತವಲ್ಲ. ನಮ್ಮ ಹೋಟೆಲಿನ ಹುಡುಗನಿಗೂ ನಾವು ಮಾಡಿದ್ದು ಅದೇ ಅಲ್ಲವೆ? ಕತ್ತಿಯ ಬದಲು ಬಡ್ಡಿ ಲೆಕ್ಕ, ಅಷ್ಟೆ.

ಇದಕ್ಕೆ ಎದುರಾದ ಇನ್ನೊಂದು ಚಿತ್ರವನ್ನು ನಮ್ಮ ಛಾಂದೋಗ್ಯ ಉಪನಿಷತ್ತೇ ಕೊಟ್ಟಿದೆ. ಐವರು ಗೃಹಸ್ಥರು, ಐವರೂ ಒಳ್ಳೆಯ ವಿದ್ವಾಂಸರು, ವೈಶ್ವಾನರ ಆತ್ಮನ ವಿಷಯ ತಿಳಿಯಲೆಂದು ಉದ್ದಾಲಕ ಆರುಣಿಯ ಬಳಿಗೆ ಬರುತ್ತಾರೆ. ಉದ್ದಾಲಕನೇನು ಸಾಮಾನ್ಯನೆ? ಶ್ವೇತಕೇತುವಿಗೆ ಪರಮತತ್ತ್ವವನ್ನು ಬೋಧಿಸಿದವನು. ಆದರೂ ಬಂದವರನ್ನು ನೋಡಿ, ಇವರು ಕೇಳುವುದಕ್ಕೆಲ್ಲ ಉತ್ತರ ಕೊಡುವುದು ನನ್ನಿಂದಾಗದು ಎಂದು ಮನಸ್ಸಿನಲ್ಲಿ ತಿಳಿದುಕೊಳ್ಳುತ್ತಾನೆ. ಮುಚ್ಚಿಡುವುದಿಲ್ಲ. ಕೇಕಯ ದೇಶದ ಅರಸ ಅಶ್ವಪತಿ ಇದನ್ನು ಬಲ್ಲನು, ಅವನಲ್ಲಿಗೆ ಹೋಗೋಣ ಎನ್ನುತ್ತಾನೆ. "ಹೋಗಿರಿ" ಎನ್ನದೆ "ಹೋಗೋಣ" ಎಂದುದರಲ್ಲಿಯೇ ಅವನ ದೊಡ್ಡತನವಿದೆ. ಗುರುವೆನಿಸಿಕೊಂಡವನು ಶಿಷ್ಯರಾಗಬಂದವರ ಸಾಲಿನಲ್ಲಿ ತಾನೂ ನಿಂತು, ಮರುದಿನ ಬೆಳಿಗ್ಗೆ ಸಮಿತ್ತು ಹಿಡಿದು ಅರಸನ ಮುಂದೆ ನಿಲ್ಲುತ್ತಾನೆ. ಅಶ್ವಪತಿ ಒಬ್ಬೊಬ್ಬರನ್ನೂ ನೀವು ಯಾವುದನ್ನು ಉಪಾಸಿಸುತ್ತೀರಿ ಎಂದು ಕೇಳುತ್ತಾನೆ. ಒಬ್ಬ ದ್ಯುಲೋಕವೆನ್ನುತ್ತಾನೆ, ಒಬ್ಬ ಸೂರ್ಯ, ಒಬ್ಬ ವಾಯು, ಒಬ್ಬ ಆಕಾಶ, ಒಬ್ಬ ನೀರು ಎನ್ನುತ್ತಾನೆ, ಉದ್ದಾಲಕ ಭೂಮಿ ಎನ್ನುತ್ತಾನೆ. ನೀವೆಲ್ಲ ಒಂದೊಂದು ಭಾಗವನ್ನು ಬಲ್ಲಿರಿ ಎಂದು ಅರಸನ ಉತ್ತರ. ಅಧ್ಯಾಪಕರ ಸಹವಾಸಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕೆ? ಒಂದೊಂದು ಭಾಗವನ್ನು ಬಲ್ಲ ಆರು ಮಂದಿ ಆರು ಮನೆಗಳಲ್ಲಿ ಕುಳಿತಿದ್ದರೆ ಭಾಗಗಳು ಭಾಗಗಳಾಗಿಯೇ ಉಳಿಯುತ್ತಿದ್ದವು.

ಪುರಾಣಕಾಲದ ಮಾತು ಬೇಡ, ನಮ್ಮ ಕಾಲಕ್ಕೆ ಬನ್ನಿ ಎನ್ನುವ ವಾಚಕರಿಗೆ ನಮ್ಮ ನಾಡಿನಲ್ಲೇ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ೧೯೦೬ರ ಡಿಸೆಂಬರ್ ೨೫ರಂದು ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಎಂಬವರು ತಮ್ಮ ಗಣಿತದ ಗೆಳೆಯರಿಗೆ ಒಂದು ಪತ್ರ ಬರೆದರು. ಹೊಸ ಗಣಿತ ಪುಸ್ತಕಗಳೂ ಪರದೇಶದ ಪತ್ರಿಕೆಗಳೂ ನಮಗೆ ಸಿಗುತ್ತಿಲ್ಲ. ಒಬ್ಬೊಬ್ಬರಾಗಿ ಕೊಳ್ಳುವ ಶಕ್ತಿಯಿಲ್ಲ. ಎಲ್ಲರೂ ವಂತಿಗೆ ಹಾಕಿ ತರಿಸಿ, ಅಂಚೆಯ ಮೂಲಕ ಒಬ್ಬರಿಂದೊಬ್ಬರಿಗೆ ಕಳುಹಿಸಿಕೊಂಡು ಓದೋಣ ಎಂಬುದು ಅದರ ತಾತ್ಪರ್ಯ. ೧೯೦೭ರ ಏಪ್ರಿಲಿನಲ್ಲಿ ಸುಮಾರು ಇಪ್ಪತ್ತು ಮಂದಿಯಿಂದ "ಅನಲಿಟಿಕ್ ಕ್ಲಬ್" ಹುಟ್ಟಿತು. ಪುಸ್ತಕಗಳ ನೆಲೆ ಪುಣೆಯ ಫರ್ಗ್ಯೂಸನ್ ಕಾಲೇಜು. ಕೆಲವೇ ವರ್ಷಗಳಲ್ಲಿ ಅದು ಭಾರತೀಯ ಗಣಿತ ಸಂಘವಾಯಿತು. ೧೯೦೯ರಿಂದ ಹೊರಟ ಅದರ ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಎಂ. ಟಿ. ನಾರಣಯ್ಯಂಗಾರ್. ಕಲೆಕ್ಟರ್ ಕಚೇರಿಯ ಕಡತಗಳ ನಡುವೆ ಕುಳಿತ ಒಬ್ಬ ಅಧಿಕಾರಿಯೂ ದೂರ ದೂರದ ಕಾಲೇಜುಗಳಲ್ಲಿ ಬೀಜಗಣಿತ ಕಲಿಸುತ್ತ ಒಳಗೊಳಗೇ ಒಣಗುತ್ತಿದ್ದ ಅಧ್ಯಾಪಕರೂ ಹೀಗೆ ಅಂಚೆಯ ಚೀಲದಿಂದ ಒಂದುಗೂಡಿದರು.

ಅದರ ಫಲವೇನೆಂಬುದು ಜಗತ್ತಿಗೆ ತಿಳಿದಿದೆ. ೧೯೧೦ರಲ್ಲಿ ಕೆಲಸ ಕೇಳಿಕೊಂಡು ಶ್ರೀನಿವಾಸ ರಾಮಾನುಜನ್ ಎಂಬ ಬಡ ಯುವಕ ತನ್ನ ಟಿಪ್ಪಣಿ ಪುಸ್ತಕಗಳೊಂದಿಗೆ ಬಂದು ನಿಂತದ್ದು ಇದೇ ರಾಮಸ್ವಾಮಿ ಅಯ್ಯರರ ಮುಂದೆ. ಆಗ ಅವರು ತಿರುಕ್ಕೋವಿಲೂರಿನಲ್ಲಿದ್ದರು. ತಮ್ಮ ಇಲಾಖೆಯಲ್ಲಿ ಒಂದು ಗುಮಾಸ್ತಗಿರಿ ಕೊಟ್ಟು ಆ ಪ್ರತಿಭೆಯನ್ನು ಉಸಿರುಗಟ್ಟಿಸಲು ಅವರು ಒಪ್ಪಲಿಲ್ಲ. ಮದರಾಸಿನ ತಮ್ಮ ಗಣಿತದ ಗೆಳೆಯರಿಗೆ ಪರಿಚಯದ ಪತ್ರ ಬರೆದುಕೊಟ್ಟರು. ಅಲ್ಲಿಂದ ಕುಂಭಕೋಣದಲ್ಲಿ ಹಿಂದೆ ರಾಮಾನುಜನ್ನರಿಗೆ ಕಲಿಸಿದ್ದ ಪಿ. ವಿ. ಶೇಷು ಅಯ್ಯರ್, ಅವರಿಂದ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್, ಹೀಗೆ ಕೈಯಿಂದ ಕೈಗೆ. ೧೯೧೧ರಲ್ಲಿ ರಾಮಾನುಜನ್ನರ ಮೊದಲ ಲೇಖನ ಅಚ್ಚಾದದ್ದು ಬೆಂಗಳೂರಿನ ನಾರಣಯ್ಯಂಗಾರರು ನೋಡಿಕೊಳ್ಳುತ್ತಿದ್ದ ಆ ಪತ್ರಿಕೆಯಲ್ಲಿ. ಲೇಖಕನ ವಿಧಾನ ಹೊಸದು, ಮಾತು ಬಹಳ ಬಿಗಿ. ಸಾಧಾರಣ ಓದುಗನಿಗೆ ಅರ್ಥವಾಗುವಂತಿರಲಿಲ್ಲ. ಸಂಪಾದಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳುಹಿಸಿ, ತಿದ್ದಿಸಿ, ಮತ್ತೆ ಕಳುಹಿಸಿ, ಮತ್ತೆ ತಿದ್ದಿಸಿ ಅಚ್ಚುಹಾಕಿದರು. ಅದೇ ಪತ್ರಿಕೆಯಲ್ಲಿ ರಾಮಾನುಜನ್ ಕೇಳಿದ್ದ ವರ್ಗಮೂಲಗಳ ಪ್ರಶ್ನೆಯೊಂದಕ್ಕೆ ಆರು ತಿಂಗಳಾದರೂ ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಅವರೇ ಕೊಟ್ಟರು. ಇವರಲ್ಲಿ ಒಬ್ಬರೂ ರಾಮಾನುಜನ್ನರಿಗೆ ಸಮಾನರಾದ ಗಣಿತಜ್ಞರಲ್ಲ. ಅದನ್ನು ಅವರೂ ಬಲ್ಲರು. ೧೯೧೩ರ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಆ ಪ್ರಸಿದ್ಧ ಪತ್ರ ಹೋಗುವವರೆಗೆ ಆ ದೀಪ ಆರದಂತೆ ನೋಡಿಕೊಂಡವರು ಮಾತ್ರ ಇವರೇ. ರಾಮಸ್ವಾಮಿ ಅಯ್ಯರರು ೧೯೦೬ರಲ್ಲಿ ಆ ಪತ್ರ ಬರೆಯದೆ ತಮ್ಮ ಒಂಟಿತನವನ್ನು ತಾವೇ ನುಂಗಿಕೊಂಡಿದ್ದರೆ ೧೯೧೦ರಲ್ಲಿ ಆ ಯುವಕನನ್ನು ಯಾರ ಬಳಿಗೆ ಕಳುಹಿಸುತ್ತಿದ್ದರು?

ಹಂಗೇರಿಯಲ್ಲಿಯೂ ಇಂಥದೇ ಕಥೆ. ೧೮೯೪ರಲ್ಲಿ ಜ್ಯೋರ್ ಎಂಬ ಊರಿನ ಪ್ರೌಢಶಾಲೆಯ ಅಧ್ಯಾಪಕ ದಾನಿಯೆಲ್ ಅರಾನಿ ಶಾಲೆಯ ಮಕ್ಕಳಿಗೂ ಅಧ್ಯಾಪಕರಿಗೂ ಒಂದು ಗಣಿತ ಮಾಸಪತ್ರಿಕೆ ಪ್ರಾರಂಭಿಸಿದ. ಎರಡು ವರ್ಷಗಳ ನಂತರ ಅದನ್ನು ವಹಿಸಿಕೊಂಡವನು ಬುಡಾಪೆಸ್ಟಿನ ಒಂದು ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದ ಲಾಸ್ಲೊ ರಾಟ್ಸ್. ಪ್ರತಿ ತಿಂಗಳು ಸಮಸ್ಯೆಗಳು. ದೇಶದ ಮೂಲೆಮೂಲೆಯಿಂದ ಮಕ್ಕಳ ಉತ್ತರಗಳು. ಇದೇ ರಾಟ್ಸನ ತರಗತಿಗೆ ಮುಂದೆ ಜಾನ್ ಫಾನ್ ನಾಯ್ಮನ್ ಎಂಬ ಬಾಲಕ ಬಂದ. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಗಣಿತಜ್ಞರಲ್ಲೊಬ್ಬನಾದ. ರಾಟ್ಸ್ ಆ ಹುಡುಗನನ್ನು ತನ್ನ ಬಳಿಯೇ ಇಟ್ಟುಕೊಳ್ಳಲಿಲ್ಲ. ಅವನ ತಂದೆಯನ್ನು ಕಂಡು, ಈ ಮಗುವಿಗೆ ಶಾಲೆಯ ಪಾಠ ಸಾಲದು ಎಂದು ಹೇಳಿ, ವಿಶ್ವವಿದ್ಯಾನಿಲಯದ ಗಣಿತಜ್ಞರಿಂದ ಪಾಠ ಹೇಳಿಸುವ ಏರ್ಪಾಡು ಮಾಡಿಸಿದ. ಅದೇ ಶಾಲೆಯ ಇನ್ನೊಬ್ಬ ವಿದ್ಯಾರ್ಥಿ ಯೂಜೀನ್ ವಿಗ್ನರ್ ೧೯೬೩ರಲ್ಲಿ ನೊಬೆಲ್ ಬಹುಮಾನ ಪಡೆದ. ಅಮೆರಿಕದ ಪ್ರಿನ್ಸ್‌ಟನ್ನಿನ ತನ್ನ ಕೋಣೆಯಲ್ಲಿ ಅವನು ರಾಟ್ಸನ ಭಾವಚಿತ್ರವನ್ನು ಇಟ್ಟುಕೊಂಡಿದ್ದ. ಶಿಷ್ಯನನ್ನು ಬಿಟ್ಟುಕೊಡಬಲ್ಲ ಗುರುವಿನ ಚಿತ್ರವೇ ಶಿಷ್ಯನ ಗೋಡೆಯ ಮೇಲೆ ಉಳಿಯಿತು.

ನಮ್ಮ ಸ್ವಂತ ಪ್ರಯತ್ನ ಇವುಗಳ ಮುಂದೆ ಹೇಳಿಕೊಳ್ಳುವಂಥದೇನಲ್ಲ. ಆದರೂ ದಾರಿ ಹುಡುಕುವವರಿಗೆ ಉಪಯೋಗವಾದೀತೆಂದು ಹೇಳುತ್ತೇವೆ. ೧೯೮೩ರಲ್ಲಿ ಎಸ್.ಎಸ್.ಸಿ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಕೇಂದ್ರದಲ್ಲಿ ಮಾತುಂಗಾ ಕಡೆಯ ಒಬ್ಬ ತಮಿಳು ಅಧ್ಯಾಪಕರು ನಮ್ಮ ಪಕ್ಕದಲ್ಲಿ ಕುಳಿತಿದ್ದರು. ಊಟದ ಬಿಡುವಿನಲ್ಲಿ, ಅದೇಕೋ ತಿಳಿಯದು, ಐದು ವರ್ಷ ಯಾರಿಗೂ ಹೇಳದಿದ್ದ ಹದಿಮೂರರ ಕಥೆಯನ್ನು ಅವರಿಗೆ ಹೇಳಿಬಿಟ್ಟೆವು. ಅವರು ನಗಲಿಲ್ಲ. ಒಂದು ಕಾಗದ ತೆಗೆದುಕೊಂಡು, "ಭಾಗಲಬ್ಧವನ್ನು ನೋಡಬೇಡಿ, ಶೇಷಗಳನ್ನು ನೋಡಿ" ಎಂದರು.

ಹದಿಮೂರರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು ಹನ್ನೆರಡು. ಒಂದರಿಂದ ಹೊರಟರೆ ೧, ೧೦, ೯, ೧೨, ೩, ೪ ಎಂಬ ಆರು ಶೇಷಗಳನ್ನು ಮುಟ್ಟಿ ಮತ್ತೆ ಒಂದಕ್ಕೇ ಬರುತ್ತೇವೆ. ಉಳಿದ ಆರನ್ನು ಆ ದಾರಿ ಮುಟ್ಟುವುದೇ ಇಲ್ಲ. ಎರಡರಿಂದ ಹೊರಟರೆ ೨, ೭, ೫, ೧೧, ೬, ೮ ಎಂದು ಅವುಗಳದೇ ಇನ್ನೊಂದು ಸುತ್ತು. ಏಳರಲ್ಲಾದರೋ ಒಂದೇ ಸುತ್ತು ಆರು ಶೇಷಗಳನ್ನೂ ಮುಟ್ಟಿಬರುತ್ತದೆ. ಅದಕ್ಕೇ ಅಲ್ಲಿ ಒಂದು ಮಾಲೆ, ಇಲ್ಲಿ ಎರಡು. ಎಂಟನೆಯ ತರಗತಿಯ ಹುಡುಗನಿಗೆ ಹತ್ತು ನಿಮಿಷದಲ್ಲಿ ಹೇಳಬಹುದಾಗಿದ್ದ ಮಾತು. ಆ ಕಾಗದವನ್ನು ಹಿಡಿದುಕೊಂಡು ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಉತ್ತರ ಮಾತುಂಗಾದಲ್ಲಿ ಇತ್ತು. ಲೋಕಲ್ ಗಾಡಿಯಲ್ಲಿ ಅರ್ಧ ತಾಸಿನ ದಾರಿ. ನಾವು ಐದು ವರ್ಷ ತೆಗೆದುಕೊಂಡೆವು.

ಅಲ್ಲಿಂದ ಒಂದು ಪತ್ರಕೂಟ ಬೆಳೆಯಿತು. ನಾವಿಬ್ಬರು, ದಾದರಿನ ಮರಾಠಿ ಶಾಲೆಯ ಒಬ್ಬ ಬಾಯಿ, ಸೊಲ್ಲಾಪುರದ ಒಬ್ಬ ಕನ್ನಡ ಮಾಸ್ತರರು, ಒಟ್ಟು ನಾಲ್ವರು. ತಿಂಗಳಿಗೊಂದು ಕಾಗದ ನಾಲ್ವರಲ್ಲಿ ತಿರುಗಬೇಕು. ಅದಕ್ಕೆ ನಾವು ಮಾಡಿಕೊಂಡ ನಿಯಮಗಳು ಎರಡೇ. ಪ್ರತಿಯೊಬ್ಬರೂ ಆ ತಿಂಗಳು ತಮಗೆ ಉತ್ತರಿಸಲಾಗದ ಒಂದು ಪ್ರಶ್ನೆಯನ್ನು ಮೊದಲು ಬರೆಯಬೇಕು; ತಮ್ಮ ವಿದ್ಯಾರ್ಥಿಗಳ ಅಂಕಗಳನ್ನು ಬರೆಯಕೂಡದು. ಮೊದಲನೆಯ ನಿಯಮ ಅಹಂಕಾರಕ್ಕೆ ಔಷಧ, ಎರಡನೆಯದು ಪಥ್ಯ. ಪುಸ್ತಕಗಳೂ ತಿರುಗುತ್ತಿದ್ದವು. ಸೊಲ್ಲಾಪುರದವರು ಬಂದಾಗ ಮಾತುಂಗಾದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ, ಮೇಜು ಖಾಲಿಮಾಡಿರೆಂದು ಮಾಣಿ ಎರಡು ಸಲ ಬಂದು ನಿಲ್ಲುವವರೆಗೆ ಕೂರುತ್ತಿದ್ದೆವು.

ಇದೆಲ್ಲ ಸುಲಭವಾಯಿತೆಂದು ಹೇಳಿದರೆ ಸುಳ್ಳಾದೀತು. ೧೯೮೫ರಲ್ಲಿ ನಮ್ಮ ಹಗಲು ಶಾಲೆಯಲ್ಲಿ ರೇಖಾಗಣಿತದಲ್ಲಿ ಅಸಾಧಾರಣ ಗತಿಯುಳ್ಳ ಒಬ್ಬ ಹುಡುಗಿಯಿದ್ದಳು. ನಮ್ಮ ಬಲ ಅಂಕಗಣಿತ. ದಾದರಿನ ಬಾಯಿಯವರದು ರೇಖಾಗಣಿತ. ತಂದೆತಾಯಿಯರನ್ನು ಒಪ್ಪಿಸಿ ಪ್ರತಿ ಶನಿವಾರ ಆ ಹುಡುಗಿಯನ್ನು ಅವರಲ್ಲಿಗೆ ಕಳುಹಿಸಿದೆವು. ಎರಡು ವರ್ಷಗಳ ಮೇಲೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂದಾಗ, ಸಭೆಯಲ್ಲಿ ಅವಳು ಮೊದಲು ಹೇಳಿದ್ದು ಆ ಬಾಯಿಯವರ ಹೆಸರು. ನಮ್ಮ ಹೆಸರು ಆಮೇಲೆ ಬಂತು. ನಾವು ಚಪ್ಪಾಳೆ ತಟ್ಟಿದೆವು. ಆದರೆ ಎದೆಯಲ್ಲಿ ಮುಳ್ಳು ಮುರಿದಂತಾಯಿತೆಂಬುದನ್ನು ಇಂದು ಮುಚ್ಚಿಡುವುದೇಕೆ? ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ಹಿರಿಯರು ಹೇಳುತ್ತಾರೆ. ಅದು ಅಷ್ಟು ಕಷ್ಟವಲ್ಲ. ಶಿಷ್ಯ ಗೆದ್ದರೆ ಗುರುವಿಗೂ ಕೀರ್ತಿಯೇ. ಕಷ್ಟವಾದದ್ದು ಇನ್ನೊಬ್ಬ ಗುರುವಿಗೆ ಸೋಲುವುದು. ಆ ವಾರದ ಕಾಗದದಲ್ಲಿ ಬಾಯಿಯವರು ಬರೆದಿದ್ದರು: "ಈ ಹುಡುಗಿಯ ಬೀಜಗಣಿತ ನನ್ನ ಕೈಮೀರಿದೆ. ಮಾತುಂಗಾದವರಲ್ಲಿಗೆ ಕಳುಹಿಸೋಣವೆ?" ನಮ್ಮ ಮುಳ್ಳನ್ನು ತೆಗೆದದ್ದು ಆ ಒಂದು ಸಾಲು. ಅವರೂ ಬಿಟ್ಟುಕೊಡುವವರೇ ಎಂದು ಕಂಡಾಗ ಬಿಟ್ಟುಕೊಟ್ಟದ್ದರ ಭಾರ ಇಳಿಯಿತು.

ಸಹವಾಸದಿಂದ ಎಲ್ಲ ಒಂಟಿತನವೂ ಹೋಗುತ್ತದೆಂದು ನಾವು ಹೇಳುವುದಿಲ್ಲ. ಹೋಗಲೂಬಾರದು. ಒಂಟಿತನ ಬೇರೆ, ಏಕಾಂತ ಬೇರೆ. ನಾಳೆ ಆ ಹುಡುಗಿಗೆ ಯಾವ ಸಮಸ್ಯೆ ಕೊಡಲಿ ಎಂದು ರಾತ್ರಿ ದೀಪದ ಮುಂದೆ ಕುಳಿತು ಯೋಚಿಸುವುದು ಏಕಾಂತ. ಅದನ್ನು ಯಾವ ಕೂಟವೂ ನಮ್ಮ ಪರವಾಗಿ ಮಾಡಲಾರದು. ತನಗೆ ತಿಳಿಯದೆಂದು ಹೇಳಲು ಒಬ್ಬನೂ ಇಲ್ಲದಿರುವುದು ಒಂಟಿತನ. ಏಕಾಂತ ಗುರುವನ್ನು ಬೆಳೆಸುತ್ತದೆ. ಒಂಟಿತನ ಮೊದಲು ಗುರುವನ್ನೂ ಆಮೇಲೆ ಶಿಷ್ಯನನ್ನೂ ಒಣಗಿಸುತ್ತದೆ. ಆದ್ದರಿಂದ ಮೊದಲು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇದು: ಒಂಟಿಯಾಗಿ ಬೀಳುವುದು ಗುರುವಿನ ದುರದೃಷ್ಟವಿರಬಹುದು, ಒಂಟಿಯಾಗಿಯೇ ಉಳಿಯುವುದು ಅವನ ದೋಷ. ಏಕೆಂದರೆ ಅದರ ಬೆಲೆ ತೆರುವವನು ಅವನಲ್ಲ.

ಕಾಲ ಈಗ ಬದಲಾಗಿದೆ. ೧೯೬೩ರಲ್ಲಿ ಆರಂಭವಾದ ವಿಜ್ಞಾನ ಪ್ರತಿಭಾಶೋಧದಿಂದ ಮೊದಲುಗೊಂಡು ಜಾಣ ಮಕ್ಕಳನ್ನು ಹುಡುಕುವ ಯೋಜನೆಗಳು ದೇಶದಲ್ಲಿ ಹಲವು ಬಂದವು. ಪುಣೆಯ ಜ್ಞಾನಪ್ರಬೋಧಿನಿ ೧೯೬೯ರಲ್ಲಿ ಇಂಥ ಮಕ್ಕಳಿಗಾಗಿಯೇ ಶಾಲೆ ತೆರೆಯಿತು. ೧೯೭೪ರಲ್ಲಿ ಹುಟ್ಟಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಮ್ಮ ಮುಂಬಯಿಯಲ್ಲೇ ಇದೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಭಾರತದ ಮಕ್ಕಳು ೧೯೮೯ರಿಂದ ಹೋಗುತ್ತಿದ್ದಾರೆ. ೧೯೯೬ರಲ್ಲಿ ಆ ಸ್ಪರ್ಧೆ ಮುಂಬಯಿಯಲ್ಲೇ ನಡೆಯಿತು. ಕಿಸೆಯಲ್ಲಿರುವ ಫೋನಿನಿಂದ ಪ್ರಪಂಚದ ಯಾವ ಅಧ್ಯಾಪಕನನ್ನಾದರೂ ಕೇಳಬಹುದು. ದಾರಿಗಳಿಗೆ ಕೊರತೆಯಿಲ್ಲ. ಆದರೆ ಮೂರನೆಯ ಗೋಡೆ ಇನ್ನೂ ನಿಂತಿದೆ. ಅಧ್ಯಾಪಕರ ಫೋನಿನ ಗುಂಪುಗಳಲ್ಲಿ ಪ್ರಶ್ನೆಪತ್ರಿಕೆಗಳು ಬರುತ್ತವೆ, ಸುತ್ತೋಲೆಗಳು ಬರುತ್ತವೆ, ಹಬ್ಬದ ಶುಭಾಶಯಗಳು ಬರುತ್ತವೆ. "ನನಗಿದು ತಿಳಿಯದು, ಹೇಳಿರಿ" ಎಂಬ ಮಾತು ಬರುವುದು ಅಪರೂಪ. ಬೀದಿಯ ಫಲಕಗಳಲ್ಲಿ ಜಾಣ ಮಕ್ಕಳ ಭಾವಚಿತ್ರಗಳು ತರಬೇತಿಯ ಅಂಗಡಿಗಳ ಜಾಹೀರಾತಾಗಿ ನಗುತ್ತಿವೆ. ನಮ್ಮ ಶಿಷ್ಯ, ನಮ್ಮ ಶಿಷ್ಯ ಎಂಬ ಕೂಗು ಮೊದಲಿಗಿಂತ ಹೆಚ್ಚಾಗಿದೆ.

ನಮ್ಮ ನಾಲ್ವರ ಕೂಟ ಈಗಿಲ್ಲ. ಇಬ್ಬರು ತೀರಿಕೊಂಡರು, ಸೊಲ್ಲಾಪುರದವರ ಕಣ್ಣು ಮಂಜಾಗಿದೆ. ಆದರೆ ನಮ್ಮಂಥ ಸಂಘಗಳ ಸದಸ್ಯರಲ್ಲಿ ಅಧ್ಯಾಪಕರು, ನಿವೃತ್ತ ಅಧ್ಯಾಪಕರು, ಬ್ಯಾಂಕು ಕಾರ್ಖಾನೆಗಳಲ್ಲಿ ದುಡಿದ ಗಣಿತಪ್ರಿಯರು ಎಷ್ಟೊಂದು ಜನ! ನಾಟಕದ ತಾಲೀಮಿಗೆ, ಭಜನೆಗೆ, ಯಕ್ಷಗಾನಕ್ಕೆ ಸಂಘದಲ್ಲಿ ಸ್ಥಳವಿರುವಂತೆ ತಿಂಗಳಿಗೊಂದು ಭಾನುವಾರ ಒಂದು ಕೋಣೆಯನ್ನು ಅಧ್ಯಾಪಕರಿಗೆ ಬಿಟ್ಟುಕೊಡಬಾರದೆ? ಕನ್ನಡ ಶಾಲೆಯವರೇ ಆಗಬೇಕೆಂದಿಲ್ಲ. ಮರಾಠಿಯವರು, ತಮಿಳರು, ಗುಜರಾತಿಗಳೂ ಬರಲಿ. ಶೇಷಕ್ಕೆ ಭಾಷೆಯಿಲ್ಲ. ಬಂದವರು ತಮಗೆ ಬಾರದ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಬಂದರೆ ಸಾಕು. ಕುರ್ಚಿ ಜೋಡಿಸಲು, ಚಹಾ ಮಾಡಲು ನಾವಿದ್ದೇವೆ.

ಆ ಉಡುಪಿಯ ಹುಡುಗನಿಗೆ ಈಗ ಅರುವತ್ತರ ಆಸುಪಾಸು. ಎಲ್ಲಿದ್ದಾನೋ ತಿಳಿಯದು. ಅವನಿಗೆ ಸಲ್ಲಬೇಕಾಗಿದ್ದ ಆ ಹತ್ತು ನಿಮಿಷದ ಪಾಠವನ್ನು ಆಮೇಲೆ ಎಷ್ಟೋ ಮಕ್ಕಳಿಗೆ ಹೇಳಿದ್ದೇವೆ. ಅವನಿಗೆ ಹೇಳಿದಂತಾಗಲಿಲ್ಲ.